‘ಬಿದ್ದ’ ಎಂದರೆ ಸಾಲದು, ಯಾವುದಕ್ಕೆ ಗುದ್ದಿ ಬಿದ್ದ ಎಂದು ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟವನ್ನು ನಾನು ಕೊನೆಯ ಸಾಲಿನವರೆಗೂ ಓದುವವಳು. ಬಸ್ಸಿಗೆ ಬೈಕ್ ಡಿಕ್ಕಿ, ಲಾರಿ ಪಲ್ಟಿ, ಘಾಟಿಯ ತಿರುವಿನಲ್ಲಿ ಕಾರು ಕಂದಕಕ್ಕೆ, ಇವೆಲ್ಲ ತಪ್ಪದೆ ಬರುತ್ತವೆ. ಬರಬೇಕಾದದ್ದೇ. ಆದರೆ ತೋಟದ ದಾರಿಯಲ್ಲೋ, ಗದ್ದೆಯ ಅಂಚಿನಲ್ಲೋ, ಸೊಪ್ಪಿನಬೆಟ್ಟದ ಕಾಲುದಾರಿಯಲ್ಲೋ ಸೈಕಲ್ ತುಳಿದುಕೊಂಡು ಬರುವ ಹುಡುಗನೊಬ್ಬ ದನಕ್ಕೋ ನಾಯಿಗೋ ಎದುರು ಬಂದ ಮನುಷ್ಯರಿಗೋ ಗುದ್ದಿ ಮೂಳೆ ಮುರಿದುಕೊಂಡರೆ ಅದು ಯಾವ ಪುಟದಲ್ಲೂ ಕಾಣುವುದಿಲ್ಲ. ಇದಕ್ಕಾಗಿ ನಿಮ್ಮನ್ನು ದೂರುವ ಹಕ್ಕು ನನಗಿಲ್ಲ. ಆ ಸುದ್ದಿ ನಿಮ್ಮವರೆಗೆ ಬಾರದಂತೆ ಮೂವತ್ತೊಂದು ವರ್ಷ ಅಡ್ಡ ಕುಳಿತವರಲ್ಲಿ ನಾನೂ ಒಬ್ಬಳು.

ನಾನು ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿದ್ದವಳು. ರೋಗಿಯನ್ನು ಮನೆಗೆ ಕಳಿಸುವ ಹೊತ್ತಿಗೆ ಅವರ ಕಡತ ನಮ್ಮ ಮೇಜಿಗೆ ಬರುತ್ತದೆ. ಅದನ್ನು ಓದಿ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಪುಸ್ತಕ ತೆಗೆದು, ಕಾಯಿಲೆಗೆ ತಕ್ಕ ಸಂಖ್ಯೆ ಹುಡುಕಿ ಬರೆಯುವುದು ನಮ್ಮ ಕೆಲಸ. ಆ ಪುಸ್ತಕದ ಹತ್ತನೇ ಪರಿಷ್ಕರಣೆಗೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. 2022ರ ಜನವರಿಯಿಂದ ಹನ್ನೊಂದನೆಯದು ಜಾರಿಗೆ ಬಂದಿದೆ. ಆದರೆ ನನ್ನ ಬೆರಳಿಗೆ ಅಂಟಿಕೊಂಡಿರುವುದು ಹತ್ತನೆಯದೇ. ಗಾಯವಾಗಿ ಬಂದವರಿಗೆ ಅದರಲ್ಲಿ ಎರಡು ಸಂಖ್ಯೆ ಕೊಡಬೇಕು. ಮುರಿದದ್ದು ಏನು ಎಂಬುದಕ್ಕೆ ಒಂದು, ಮುರಿದದ್ದು ಹೇಗೆ ಎಂಬುದಕ್ಕೆ ಇನ್ನೊಂದು. ಕುತ್ತಿಗೆಯ ಬುಡದ ಕಾಲರ್ ಮೂಳೆ ಮುರಿದರೆ ಎಸ್ 42.0. ಇದರಲ್ಲಿ ಯಾರೂ ತಪ್ಪುವುದಿಲ್ಲ, ಎಕ್ಸ್‌ರೇ ಇರುತ್ತದೆಯಲ್ಲ. ತಪ್ಪುವುದೆಲ್ಲ ಎರಡನೆಯದರಲ್ಲಿ.

ಪಾದಚಾರಿಗೆ ಅಥವಾ ಪ್ರಾಣಿಗೆ ಗುದ್ದಿ ಗಾಯಗೊಂಡ ಸೈಕಲ್ ಸವಾರನಿಗೆಂದೇ ಆ ಪುಸ್ತಕದಲ್ಲಿ ಒಂದು ಮನೆಯಿದೆ, ವಿ 10. ಅದರ ಮುಂದೆ ಚುಕ್ಕಿ ಇಟ್ಟು ಸೊನ್ನೆ ಬರೆದರೆ, ಸೈಕಲ್ ತುಳಿಯುತ್ತಿದ್ದವನು ಸಾರ್ವಜನಿಕ ರಸ್ತೆಯಲ್ಲದ ಜಾಗದಲ್ಲಿ ಗಾಯಗೊಂಡ ಎಂದರ್ಥ. ತೋಟ, ಅಂಗಳ, ಗದ್ದೆ, ಶಾಲೆಯ ಮೈದಾನ, ಕಾಡಿನ ದಾರಿ ಎಲ್ಲವೂ ಆ ಸೊನ್ನೆಯೊಳಗೆ ಬರುತ್ತವೆ. ಎಲ್ಲೋ ಜಿನೀವಾದಲ್ಲಿ ಕುಳಿತವರಿಗೆ ನಮ್ಮ ಮಲೆನಾಡಿನ ಹುಡುಗ ಕರುವಿಗೆ ಗುದ್ದುವ ಸಂಗತಿ ಹೊಳೆದಿತ್ತಲ್ಲ ಎಂದು, ಮೊದಲ ಸಲ ಆ ಸಾಲು ಓದಿದಾಗ ನಗು ಬಂದಿತ್ತು. ಅದೇ ಪುಸ್ತಕದಲ್ಲಿ ಇನ್ನೊಂದು ಮನೆಯೂ ಇದೆ, ಡಬ್ಲ್ಯೂ 19.9. ಹೇಗೆ ಎಂದು ಗೊತ್ತಿಲ್ಲ, ಎಲ್ಲಿ ಎಂದೂ ಗೊತ್ತಿಲ್ಲ, ಒಟ್ಟಿನಲ್ಲಿ ಬಿದ್ದಿದ್ದಾರೆ ಎಂಬವರಿಗೆ. ನನ್ನ ಇಡೀ ನೌಕರಿಯಲ್ಲಿ ವಿ 10.0 ಬರೆದದ್ದು ಒಂದು ಕೈಯ ಬೆರಳಿನಷ್ಟೂ ಇರಲಿಕ್ಕಿಲ್ಲ. ಡಬ್ಲ್ಯೂ 19.9 ಬರೆದದ್ದಕ್ಕೆ ಲೆಕ್ಕವೇ ಇಲ್ಲ.

ಸೋಮಾರಿತನ ಎಂದುಕೊಳ್ಳಬೇಡಿ. ಸ್ವಲ್ಪ ಅದೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಕಡತದಲ್ಲಿ ಇಲ್ಲದ್ದನ್ನು ನಾವು ಬರೆಯುವಂತಿಲ್ಲ. ಹೊರರೋಗಿ ಚೀಟಿಯಲ್ಲಿ ‘ಸೈಕಲ್‌ನಿಂದ ಬಿದ್ದದ್ದು’ ಎಂದಿರುತ್ತದೆ, ಎಷ್ಟೋ ಸಲ ಬರಿದೇ ‘ಬಿದ್ದದ್ದು’ ಎಂದಷ್ಟೇ. ಏಕೆ ಬಿದ್ದ, ಎದುರಿಗೆ ಏನಿತ್ತು ಎಂದು ಕೇಳಿದವರಿಲ್ಲ. ಕೇಳಿದ್ದರೂ ಬರೆದವರಿಲ್ಲ. ವಾರ್ಡಿಗೆ ಹೋಗಿ ವಿಚಾರಿಸಬಹುದಿತ್ತು, ಎರಡು ಮಹಡಿಯ ಮೆಟ್ಟಿಲು ಅಷ್ಟೇ. ನಾನು ಹತ್ತಲಿಲ್ಲ.

ಆ ಮೆಟ್ಟಿಲು ನನಗೆ ನೆನಪಾದದ್ದು ಕಳೆದ ವರ್ಷ ಆಗಸ್ಟ್‌ನಲ್ಲಿ.

ನನ್ನ ಮೊಮ್ಮಗ ಏಳನೇ ತರಗತಿ. ಬಸ್ ನಿಲ್ಲುವ ಜಾಗದಿಂದ ನಮ್ಮ ಮನೆಗೆ ಡಾಂಬರು ರಸ್ತೆಯಲ್ಲಿ ಬಂದರೆ ದೂರ, ತೋಟದ ನಡುವೆ ಬಂದರೆ ಹತ್ತು ನಿಮಿಷ. ತೋಟದ ದಾರಿ ಎಂದರೆ ಬಲಕ್ಕೆ ಮಣ್ಣಿನ ಗೋಡೆಯಂಥ ದರೆ, ಎಡಕ್ಕೆ ಬಸಿಗಾಲುವೆ, ನಡುವೆ ಎರಡು ಮೊಳ ಅಗಲದ ಪಾಚಿಗಟ್ಟಿದ ನೆಲ, ಮೇಲೆ ಉದುರಿದ ಅಡಿಕೆ ಹಾಳೆ. ಒಂದು ಕಡೆ ಹಳ್ಳಕ್ಕೆ ಅಡಿಕೆ ಮರದ ಸಂಕ. ಸಂಕ ದಾಟಿದ ಕೂಡಲೇ ತಿರುವು. ಆ ದಿನ ಸಂಜೆ ಐದೂವರೆಗೇ ಕತ್ತಲೆ ಕವಿದಿತ್ತು, ಜಡಿಮಳೆ. ಪಕ್ಕದ ಮನೆಯ ಮಣಕ, ಅಂದರೆ ಇನ್ನೂ ಕರು ಹಾಕದ ಎಳೆಯ ಹಸು, ಬೇಲಿಯ ಬಾಗಿಲಾದ ಉಣುಗೋಲಿನ ಗಳು ಜಾರಿಸಿಕೊಂಡು ಬಂದು ತಿರುವಿನಲ್ಲಿ ಅಡ್ಡ ನಿಂತಿತ್ತು. ಹುಡುಗ ಸಂಕದ ಮೇಲೆ ಇಳಿದು ತಳ್ಳಿಕೊಂಡೇ ಬಂದವನು ಆಮೇಲೆ ಹತ್ತಿ ಜೋರಾಗಿ ತುಳಿದಿದ್ದಾನೆ. ಬ್ರೇಕ್ ಹಿಡಿದಿದ್ದಾನೆ. ಒದ್ದೆಯಾದ ಬ್ರೇಕ್ ರಬ್ಬರ್ ಹಿಡಿಯುವುದರೊಳಗೆ ಮುಂದಿನ ಚಕ್ರ ಮಣಕದ ಪಕ್ಕೆಗೆ ತಾಗಿ, ಹ್ಯಾಂಡಲ್ ಗರ್ರನೆ ತಿರುಗಿ, ಅದರ ತುದಿ ಹೊಟ್ಟೆಗೆ ನಾಟಿದೆ. ಹಿಡಿಕೆಯ ರಬ್ಬರ್ ಹರಿದು ತಿಂಗಳಾಗಿತ್ತು. ಬರಿಯ ಕಬ್ಬಿಣದ ಕೊಳವೆ. ಅದನ್ನು ಬದಲಿಸಿಕೊಡು ಎಂದು ಅವನು ಕೇಳಿದ್ದು ನನ್ನನ್ನೇ. ಪೇಟೆಗೆ ಹೋದಾಗ ನೋಡೋಣ ಎಂದಿದ್ದೆ.

ಮಣಕ ಓಡಿಹೋಯಿತು. ಇವನೂ ಎದ್ದು ಸೈಕಲ್ ತಳ್ಳಿಕೊಂಡು ಮನೆಗೆ ಬಂದ. ಮೊಣಕಾಲು ತರಚಿ ರಕ್ತ ಸುರಿಯುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಸೊಸೆ ಹತ್ತಿರದ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದಳು. ಏನಾಯಿತು ಎಂದು ಕೇಳಿದರಂತೆ, ಸೈಕಲ್‌ನಿಂದ ಬಿದ್ದ ಎಂದಳಂತೆ. ಗಾಯ ತೊಳೆದು ಪಟ್ಟಿ ಕಟ್ಟಿ, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು ಕಳಿಸಿದರು. ಚೀಟಿಯಲ್ಲಿ ಬರೆದದ್ದು ಒಂದೇ ಪದ. ಅದು ಯಾವುದು ಎಂದು ನಾನು ಹೇಳಬೇಕಾಗಿಲ್ಲ.

ರಾತ್ರಿ ಅಂಗಿ ಬದಲಿಸುವಾಗ ಹೊಕ್ಕುಳಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಬಳೆ ಕಂಡೆ. ಅದುಮಿದರೆ ನೋವು ಎಂದ. ಏನೋ ತಾಗಿರಬೇಕು ಎಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಕಡತ ಓದಿದ ಹೆಂಗಸು ನಾನು, ಹಚ್ಚಿದ್ದು ಕೊಬ್ಬರಿ ಎಣ್ಣೆ. ಮರುದಿನ ಊಟ ಬೇಡವೆಂದ. ಸಂಜೆಗೆ ವಾಂತಿ. ಏನೋ ತಿಂದಿರಬೇಕೆಂದು ಜೀರಿಗೆ ಕಷಾಯ ಕುಡಿಸಿದೆವು, ಅದೂ ಹೊರಗೆ ಬಂತು. ಮೂರನೇ ದಿನ ಬೆಳಗಿನ ಜಾವ ಹಸಿರು ವಾಂತಿಯಾಗುತ್ತಲೇ ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಟೆವು.

ಅಲ್ಲಿ ಇದ್ದದ್ದು ಮೀಸೆ ಸರಿಯಾಗಿ ಮೂಡದ ಒಬ್ಬ ವೈದ್ಯ. ನಾವು ತಂದ ಚೀಟಿ ನೋಡಿ ಪಕ್ಕಕ್ಕಿಟ್ಟು, ನಮ್ಮನ್ನು ಬಿಟ್ಟು ಹುಡುಗನನ್ನೇ ಕೇಳಿದ. “ಬಿದ್ದೆ ಸರಿ. ಯಾವುದಕ್ಕೆ ಗುದ್ದಿ ಬಿದ್ದೆ?” ಮಣಕಕ್ಕೆ ಎಂದ ಇವನು. “ಹ್ಯಾಂಡಲ್ ಎಲ್ಲಿಗೆ ತಾಗಿತು?” ಇವನು ಅಂಗಿ ಎತ್ತಿದ. ಅಷ್ಟೇ ಮಾತು. ಸ್ಕ್ಯಾನ್‌ಗೆ ಕಳಿಸಿದರು. ಜಠರದಿಂದ ಮುಂದಿನ ಸಣ್ಣ ಕರುಳಿನ ಮೊದಲ ತುಂಡಿನ ಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಮೂಗಿನಿಂದ ನಳಿಕೆ ಇಳಿಸಿದರು, ಬಾಯಿಗೆ ನೀರೂ ಇಲ್ಲ, ಎಲ್ಲವೂ ರಕ್ತನಾಳದ ಮೂಲಕ. ಹತ್ತಿರ ಹತ್ತಿರ ಎರಡು ವಾರ. ರಕ್ತ ತಾನಾಗಿ ಕರಗಿತು, ಕೊಯ್ಯಬೇಕಾಗಲಿಲ್ಲ.

ಆ ವೈದ್ಯ ಆಮೇಲೆ ನನಗೆ ವಿವರಿಸಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದು ಸೈಕಲ್ ಇರುವ ಪ್ರತಿ ಮನೆಗೂ ಬೇಕಾದದ್ದು. ಮಕ್ಕಳ ಹೊಟ್ಟೆಯ ಗೋಡೆ ತೆಳು. ಹ್ಯಾಂಡಲ್‌ನ ತುದಿ ತಾಗಿದಾಗ ಬಲವೆಲ್ಲ ಬೆರಳಗಲದ ಜಾಗಕ್ಕೆ ಬೀಳುತ್ತದೆ. ಕರುಳು, ಅದರ ಪಕ್ಕದಲ್ಲೇ ಇರುವ ಮೇದೋಜೀರಕ ಗ್ರಂಥಿ ಎರಡೂ ಬೆನ್ನುಮೂಳೆಗೆ ಒತ್ತಿ ಜಜ್ಜಿಹೋಗುತ್ತವೆ. ಯಕೃತ್ತು, ಗುಲ್ಮ ಸೀಳುವುದೂ ಉಂಟು. ಹೊರಗೆ ಕಾಣುವುದು ಆ ಕೆಂಪು ಬಳೆ ಮಾತ್ರ, ಕೆಲವು ಸಲ ಅದೂ ಇರುವುದಿಲ್ಲ. ಮಗು ಎದ್ದು ಓಡಾಡುತ್ತದೆ, ನಗುತ್ತದೆ. ಹೊಟ್ಟೆನೋವು ವಾಂತಿ ಶುರುವಾಗುವುದು ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ಎರಡು ಮೂರು ದಿನಗಳ ನಂತರ. ಬಿದ್ದ ಎಂದು ಹೇಳಿದರೆ ವೈದ್ಯರು ಕೈ ಕಾಲು ತಲೆ ನೋಡುತ್ತಾರೆ. ಹ್ಯಾಂಡಲ್ ಹೊಟ್ಟೆಗೆ ತಾಗಿತು ಎಂದು ಹೇಳಿದರೆ ಹೊಟ್ಟೆ ನೋಡುತ್ತಾರೆ. ನಮ್ಮ ಮನೆಯಲ್ಲಿ ಎರಡು ದಿನ ಕಳೆದುಹೋದದ್ದು ಆ ಒಂದು ಮಾತು ಚೀಟಿಯಲ್ಲಿ ಇಲ್ಲದೆ ಹೋದದ್ದರಿಂದ.

ಮನೆಗೆ ಬಂದ ಮೇಲೆ ಕುತೂಹಲಕ್ಕೆ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ, ಹುಡುಗನ ಕಡತಕ್ಕೆ ಕಾರಣದ ಸಂಖ್ಯೆ ಏನು ಬಿತ್ತು ಎಂದು ವಿಚಾರಿಸಿದೆ. ಅವರು ನೋಡಿ ಹೇಳಿದರು, ಡಬ್ಲ್ಯೂ 19.9. ಆ ವೈದ್ಯನ ಪ್ರಶ್ನೆ ಮಗುವಿನ ಜೀವ ಉಳಿಸಿತು, ಆದರೆ ಕಾಗದಕ್ಕೆ ಇಳಿಯಲಿಲ್ಲ. ಮಣಕ ದಾಖಲೆಯಿಂದ ಮತ್ತೊಮ್ಮೆ ತಪ್ಪಿಸಿಕೊಂಡು ಓಡಿತು.

ಈಗ ಸೊಸೆ ಏಕೆ ಬಿದ್ದ ಎಂದಷ್ಟೇ ಹೇಳಿದಳು ಎಂಬುದಕ್ಕೆ ಬರುತ್ತೇನೆ. ಅವಳಿಗೆ ಮಣಕದ ವಿಷಯ ಗೊತ್ತಿತ್ತು, ಹುಡುಗ ಬಾಗಿಲಲ್ಲೇ ಹೇಳಿದ್ದ. ಆದರೆ ಮಣಕ ಎಂದರೆ ಯಾರದ್ದು ಎಂಬ ಪ್ರಶ್ನೆ ಬರುತ್ತದೆ. ಯಾರದ್ದು ಎಂದರೆ ಪಕ್ಕದ ಮನೆಯವರದು. ಅಡಿಕೆ ಕೊನೆ ತೆಗೆಯುವ ಕಾಲಕ್ಕೆ ಅವರ ಮನೆಯ ಜನ ನಮ್ಮಲ್ಲಿಗೆ, ನಮ್ಮ ಮನೆಯವರು ಅವರಲ್ಲಿಗೆ. ರಾತ್ರಿ ಹಾವು ಬಂದರೂ ಕೂಗುವುದು ಅವರನ್ನೇ. ಡಿಕ್ಕಿ ಎಂಬ ಪದ ಬಾಯಿಂದ ಬಿದ್ದರೆ ಪೊಲೀಸರಿಗೆ ತಿಳಿಸುತ್ತಾರೆ, ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ ಆಗುತ್ತದೆ, ಠಾಣೆಗೆ ಅಲೆಯಬೇಕಾಗುತ್ತದೆ ಎಂಬ ಹೆದರಿಕೆ ಬೇರೆ. ಬಿದ್ದ ಎಂದುಬಿಟ್ಟರೆ ಎಲ್ಲರಿಗೂ ಸಲೀಸು. ನೆರೆಹೊರೆ ಉಳಿಯಿತು, ಚೀಟಿ ತುಂಬಿತು. ನಮ್ಮ ಕಡೆಯ ಈ ದಾಕ್ಷಿಣ್ಯವನ್ನು ನಾನು ಹಗುರವಾಗಿ ಕಾಣುವವಳಲ್ಲ, ಅದರ ಮೇಲೆಯೇ ಊರು ನಿಂತಿದೆ. ಆದರೆ ವೈದ್ಯರ ಮುಂದೆ ಅದು ಬೇಡ. ಯಾರ ಮಣಕ ಎಂದು ಹೇಳಬೇಕಾಗಿಲ್ಲ, ಮಣಕ ಎಂದರೆ ಸಾಕು.

ಗುದ್ದಿಸಿಕೊಂಡವರ ಕಥೆ ಇನ್ನೂ ಕಷ್ಟದ್ದು. ನಮ್ಮ ತೋಟಕ್ಕೆ ಹಾಳೆ ಹೆಕ್ಕಲು, ಸೊಪ್ಪು ಹೊರಲು ಬರುವ ಒಬ್ಬ ಹೆಂಗಸಿದ್ದಾಳೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಎರಡು ವರ್ಷದ ಹಿಂದೆ ಸೊಪ್ಪಿನ ಹೊರೆ ತಲೆಯ ಮೇಲಿಟ್ಟುಕೊಂಡು ಬೆಟ್ಟದ ದಾರಿ ಇಳಿಯುತ್ತಿದ್ದಾಗ ಹಿಂದಿನಿಂದ ಇಳಿಜಾರಿನಲ್ಲಿ ಬಂದ ಹೈಸ್ಕೂಲು ಹುಡುಗನ ಸೈಕಲ್ ಗುದ್ದಿತು. ಸೈಕಲ್‌ಗೆ ಬೆಲ್ ಇರಲಿಲ್ಲ, ಹೊರೆಯ ಸೊಪ್ಪು ಕಿವಿಯ ಮೇಲೆ ಇಳಿದು ಅವಳಿಗೆ ಏನೂ ಕೇಳಿಸಿರಲಿಲ್ಲ. ಕೈ ಊರಿ ಬಿದ್ದಳು, ಮಣಿಕಟ್ಟಿನ ಮೂಳೆ ಮುರಿಯಿತು. ಹುಡುಗನ ಕಾಲರ್ ಮೂಳೆ ಹೋಯಿತು. ಆಸ್ಪತ್ರೆಯಲ್ಲಿ ಅವಳು ಜಾರಿ ಬಿದ್ದೆ ಎಂದಳು, ಅವನು ಸೈಕಲ್‌ನಿಂದ ಬಿದ್ದೆ ಎಂದ. ಒಂದೇ ಗಳಿಗೆಯಲ್ಲಿ ಒಂದೇ ಜಾಗದಲ್ಲಿ ಒಬ್ಬರಿಗೊಬ್ಬರು ಗುದ್ದಿಕೊಂಡವರು ಕಾಗದದಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಇಬ್ಬರು ಬಿದ್ದವರಾದರು. ಹುಡುಗನ ಅಪ್ಪ ಮೂರು ಸಾವಿರ ಕೊಟ್ಟು ಹೋದರು, ಒಳ್ಳೆಯವರೇ. ಆದರೆ ಆರು ವಾರ ಪ್ಲಾಸ್ಟರ್, ಅದರ ಮೇಲೆ ಹೊರೆ ಎತ್ತಲಾಗದ ಎರಡು ತಿಂಗಳು. ಕೂಲಿಯ ಲೆಕ್ಕ ನೀವೇ ಹಾಕಿ.

ಕಾನೂನು ಏನಾದರೂ ಕೊಡುತ್ತದೆಯೇ ಎಂದು ಪರಿಚಯದ ವಕೀಲರೊಬ್ಬರನ್ನು ಕೇಳಿದೆ. 1988ರ ಮೋಟಾರು ವಾಹನ ಕಾಯ್ದೆಯ ಪರಿಹಾರವೆಲ್ಲ ಮೋಟಾರು ವಾಹನದಿಂದ ಆದದ್ದಕ್ಕೆ. ಸೈಕಲ್ ಮೋಟಾರು ವಾಹನವಲ್ಲ, ಅದಕ್ಕೆ ವಿಮೆಯ ಕಡ್ಡಾಯವೂ ಇಲ್ಲ. ತೋಟದ ದಾರಿ ರಸ್ತೆಯಲ್ಲ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಶಿಕ್ಷೆ ಎಂದು ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲಿತ್ತು, ಈಗ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 291ರಲ್ಲಿದೆ. ಆದರೆ ಮಣಕದ ಮೇಲೆ ಕೇಸು ಹಾಕಿ ನಾನು ಊರಲ್ಲಿ ಬಾಳುವುದುಂಟೇ? ಸರಕಾರ ಪ್ರತಿ ವರ್ಷ ಪ್ರಕಟಿಸುವ ರಸ್ತೆ ಅಪಘಾತದ ವರದಿಯಲ್ಲಿ ಸೈಕಲ್ ಸವಾರರ ಸಾವಿಗೂ ಒಂದು ಕಲಂ ಇದೆ. ಅದು ಪೊಲೀಸರ ಕಡತದಿಂದ, ರಸ್ತೆಯ ಮೇಲೆ ಆದದ್ದಕ್ಕೆ ಮಾತ್ರ. ಹೀಗಾಗಿ ತೋಟದಲ್ಲಿ ಆದದ್ದು ಪೊಲೀಸರ ಪುಸ್ತಕದಲ್ಲಿ ಇಲ್ಲ, ವಿಮೆಯವರ ಪುಸ್ತಕದಲ್ಲಿ ಇಲ್ಲ. ಇರಬಹುದಾದ ಒಂದೇ ಜಾಗ ಆಸ್ಪತ್ರೆಯ ಪುಸ್ತಕ. ಅಲ್ಲಿ ಕುಳಿತವಳು ನಾನು.

ದನಗಳ ಬಗ್ಗೆಯೂ ಒಂದು ಮಾತು. ನಮ್ಮ ಮಲೆನಾಡು ಗಿಡ್ಡ ಎಂದರೆ ನನಗೆ ಪ್ರಾಣ. 2012ರಲ್ಲಿ ಅದಕ್ಕೆ ದೇಶದ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಾಗ ಹಿಗ್ಗಿದವಳು. ಆದರೆ ಅದರ ಎತ್ತರ ಮೂರು ಅಡಿಯ ಆಸುಪಾಸು, ಸೈಕಲ್‌ನ ಹ್ಯಾಂಡಲ್‌ಗೆ ಸರಿಸಮ. ಬಣ್ಣ ಹೆಚ್ಚಾಗಿ ಕಪ್ಪು, ಇಲ್ಲವೇ ಕಂದು. ಮಳೆಗಾಲದ ಸಂಜೆ ದರೆಯ ನೆರಳಿನಲ್ಲಿ ನಿಂತರೆ ದರೆಯೇ ಎನಿಸುತ್ತದೆ. ಗಾಬರಿಯಾದರೆ ಯಾವ ಕಡೆ ನೆಗೆಯುತ್ತದೆ ಎಂದು ಬ್ರಹ್ಮನಿಗೂ ತಿಳಿಯದು. ನಾನು ಚಿಕ್ಕವಳಿದ್ದಾಗ ಬೆಟ್ಟಕ್ಕೆ ಬಿಡುವ ದನದ ಕೊರಳಿಗೆ ಮರದ ಗಂಟೆ ಕಟ್ಟುತ್ತಿದ್ದರು, ಲೊಟ ಲೊಟ ಎನ್ನುವ ಸದ್ದು ತಿರುವಿನಾಚೆಗೇ ಕೇಳುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಗಂಟೆ ಕಟ್ಟಿದ ದನ ಕಾಣುವುದು ಅಪರೂಪ. ಸೈಕಲ್‌ಗೂ ಅಷ್ಟೇ. 2006-07ರಿಂದ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ ಭಾರ ಎಂದು ಎಲ್ಲರೂ ಬೈಯುತ್ತಿದ್ದೆವು, ಆದರೆ ಅದಕ್ಕೆ ಬೆಲ್ ಇತ್ತು. ಕೊರೊನಾ ಬಂದ ಮೇಲೆ ಅದು ನಿಂತಿತು. ಈಗ ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವ ದಪ್ಪ ಟೈರಿನ ಗೇರ್ ಸೈಕಲ್‌ಗಳಲ್ಲಿ ಎಷ್ಟಕ್ಕೆ ಬೆಲ್ ಇದೆ ನೋಡಿ. ದನವೂ ಮೌನ, ಸೈಕಲ್ಲೂ ಮೌನ, ನಡುವೆ ಮಳೆಯ ಸದ್ದು.

ವಾರದ ಕೊನೆಗೆ ಊರ ಹೊರಗಿನಿಂದ ಬಂದು ಕಾಡಿನ ದಾರಿಯಲ್ಲಿ ಸೈಕಲ್ ಓಡಿಸುವವರ ಬಗ್ಗೆಯೂ ಬರೆಯಿರಿ ಎಂದು ಮಗ ಹೇಳಿದ. ಅವರ ಬಳಿ ಹೆಲ್ಮೆಟ್ಟು, ಕೈಗವಸು, ಮೊಣಕಾಲಿಗೆ ಕವಚ ಎಲ್ಲ ಇರುತ್ತದೆ. ಒಂದು ಬೆಲ್ ಕಟ್ಟಿಕೊಂಡು, ಸೌದೆ ಹೊತ್ತವರು ಕಂಡಲ್ಲಿ ಇಳಿದು ನಿಂತರೆ ಅಷ್ಟು ಸಾಕು. ಕಾಟಿಯೋ ಹಂದಿಯೋ ಎದುರಾದರೆ ಏನು ಮಾಡಬೇಕು ಎಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಅವು ತಾವೇ ಹೇಳಿಕೊಡುತ್ತವೆ.

ಎಣಿಸುವುದರಿಂದ ಏನು ಬಂತು ಎಂದು ಕೇಳುವವರಿದ್ದಾರೆ. ಈ ಜಿಲ್ಲೆಯವರು ಆ ಪ್ರಶ್ನೆ ಕೇಳಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಕಾಡಿನಲ್ಲಿ ಮಂಗ ಸಾಯುವುದು ಯಾವ ದೊಡ್ಡ ಸಂಗತಿ ಎಂದು ಬಿಟ್ಟಿದ್ದರೆ ಮಂಗನ ಕಾಯಿಲೆಗೆ ಹೆಸರೇ ಇರುತ್ತಿರಲಿಲ್ಲ, ನಮ್ಮವರು ‘ಜ್ವರ’ ಎಂಬ ಒಂದೇ ಪದದಲ್ಲಿ ಸಾಯುತ್ತಿದ್ದರು. ಇವತ್ತಿಗೂ ಸತ್ತ ಮಂಗ ಎಲ್ಲಿ ಕಂಡಿತು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮಂಗ ಸತ್ತ ಜಾಗ ಬರೆದುಕೊಳ್ಳುವ ನಾಡಿನಲ್ಲಿ ಮಗು ಗುದ್ದಿದ ಜಾಗ ಬರೆದುಕೊಳ್ಳುವುದು ಅಷ್ಟು ಕಷ್ಟವೇ?

ಕಳೆದ ಅಕ್ಟೋಬರಿನಿಂದ ನಾನೇ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದೇನೆ. ಹಾಲಿನ ಡೇರಿಯ ಕಟ್ಟೆಯ ಮೇಲೆ ಕುಳಿತರೆ ನಮ್ಮ ಊರು ಮತ್ತು ಆಚೆಯ ಎರಡು ಊರಿನ ಸುದ್ದಿ ತಾನಾಗಿ ಬರುತ್ತದೆ. ಹೆಸರು ಬರೆಯುವುದಿಲ್ಲ. ಎಲ್ಲಿ, ಏನಕ್ಕೆ, ಎಷ್ಟು ಹೊತ್ತಿಗೆ, ದೇಹದ ಯಾವ ಭಾಗ, ಇಷ್ಟೇ. ಮೊದಲ ಪುಟದಲ್ಲಿ ನಾಯಿ ಮೂರು ಕಡೆ ಇದೆ. ಅಟ್ಟಿಸಿಕೊಂಡು ಬಂದ ನಾಯಿ ಚಕ್ರಕ್ಕೆ ಸಿಕ್ಕಿ ಸವಾರ ಬಿದ್ದದ್ದು ಎರಡು, ಮಲಗಿದ್ದ ನಾಯಿಯನ್ನು ಹಾಯ್ದದ್ದು ಒಂದು. ಆ ಎರಡರಲ್ಲಿ ಒಬ್ಬನಿಗೆ ಬಿದ್ದ ಮೇಲೆ ನಾಯಿಯ ಹಲ್ಲು ತಾಗಿತ್ತು. ಆಸ್ಪತ್ರೆಯಲ್ಲಿ ಅವನೂ ಬಿದ್ದೆ ಎಂದೇ ಹೇಳಿದ್ದ. ತರಚಿದ ಗಾಯ, ಹಲ್ಲಿನ ಗಾಯ ಎರಡೂ ಒಂದರ ಪಕ್ಕ ಒಂದು, ಯಾರಿಗೆ ಗೊತ್ತಾಗಬೇಕು? ಡೇರಿಯ ಕಟ್ಟೆಯ ಮೇಲೆ ಅವನ ತಾಯಿ ಹೇಳಿದ್ದನ್ನು ಕೇಳಿ, ಅಲ್ಲಿಂದಲೇ ಮನೆಗೆ ಹೋಗಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿ, ರೇಬೀಸ್ ಲಸಿಕೆಗೆ ಕಳಿಸಿದೆ. ತಡವಾಗಿತ್ತು, ಆದರೂ ಕಳಿಸಲೇಬೇಕಾದದ್ದು. ಆ ರೋಗ ಒಮ್ಮೆ ಕಾಣಿಸಿಕೊಂಡರೆ ಮದ್ದಿಲ್ಲ ಎಂದು ಅವನ ತಾಯಿಗೆ ಎರಡು ಸಲ ಹೇಳಬೇಕಾಯಿತು.

ಉಳಿದ ಸಾಲುಗಳಲ್ಲಿ ಕರು, ಎದುರು ಬಂದ ಅಜ್ಜ, ಕೋಳಿ ಅಟ್ಟಿಸಿಕೊಂಡು ಅಂಗಳಕ್ಕೆ ಓಡಿದ ಮೂರು ವರ್ಷದ ಮಗು, ಮತ್ತೆ ಕರು. ಸಂಖ್ಯೆ ಸಣ್ಣದು, ಅದರಿಂದ ದೊಡ್ಡ ಮಾತು ಹೇಳುವಂತಿಲ್ಲ. ಆದರೆ ಒಂದು ಪುಟ ತುಂಬುವಷ್ಟರಲ್ಲಿ ಒಂದೇ ತಿರುವಿನ ಹೆಸರು ಎರಡು ಸಲ ಬಂತು. ಆ ಎರಡೂ ಸಲ ಕತ್ತಲಾಗುವ ಹೊತ್ತು. ಪುಟವನ್ನು ಪಂಚಾಯಿತಿ ಸದಸ್ಯರೊಬ್ಬರಿಗೆ ತೋರಿಸಿದೆ. ಅಲ್ಲಿ ದರೆಗೆ ಒರಗಿ ಬೆಳೆದ ಲಂಟಾನದ ಪೊದೆ ಸವರಿಸಿದರು. ಒಬ್ಬ ಆಳಿನ ಅರ್ಧ ದಿನದ ಕೆಲಸ. ಆ ತಿರುವಿನಲ್ಲಿ ಈಗ ಆಚೆಯದು ಕಾಣುತ್ತದೆ. ನಾನು ಹೀಗೆ ಬರೆಯದಿದ್ದರೆ ಆ ಇಬ್ಬರೂ ಬರಿದೇ ಬಿದ್ದವರು, ಪೊದೆ ಇನ್ನೊಂದು ಮಳೆಗಾಲಕ್ಕೆ ದಪ್ಪವಾಗುತ್ತಿತ್ತು.

ಆದ್ದರಿಂದ ಆರೋಗ್ಯ ಇಲಾಖೆಯ ಹಿರಿಯರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕದಲ್ಲಿ, ಗಾಯದ ಸಾಲಿನ ಮುಂದೆ ಸ್ಕೇಲು ಇಟ್ಟು ಇನ್ನೊಂದು ಗೀಟು ಎಳೆಯಿರಿ. ‘ಏನಕ್ಕೆ ಗುದ್ದಿ, ಎಲ್ಲಿ’ ಎಂದು ಅದರ ತಲೆಯ ಮೇಲೆ ಬರೆಯಿರಿ. ಉತ್ತರ ಹೇಳುವವರು ಹೆದರದಂತೆ, ಇದು ಚಿಕಿತ್ಸೆಗಾಗಿ, ದನದ ಮಾಲೀಕರ ಹೆಸರು ನಮಗೆ ಬೇಡ ಎಂದು ದಾದಿಯರು ಒಂದು ಮಾತು ಸೇರಿಸಲಿ. ಆಸ್ಪತ್ರೆಗಳ ದಾಖಲೆ ವಿಭಾಗದಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲೂ ಒಂದು ಕೋರಿಕೆ. ಚೀಟಿಯಲ್ಲಿ ಬಿದ್ದದ್ದು ಎಂದಷ್ಟೇ ಇದ್ದು ಪಕ್ಕದಲ್ಲಿ ಸೈಕಲ್ ಎಂಬ ಪದ ಕಂಡರೆ, ಎದ್ದು ಮೆಟ್ಟಿಲು ಹತ್ತಿ. ರೋಗಿ ಮನೆಗೆ ಹೋಗಿದ್ದರೆ ಫೋನ್ ಸಂಖ್ಯೆ ಕಡತದಲ್ಲೇ ಇರುತ್ತದೆ. ಪ್ರಾಣಿಯನ್ನು ತಪ್ಪಿಸಲು ಹೋಗಿ ಏನಕ್ಕೂ ತಾಗದೆ ಬಿದ್ದಿದ್ದರೆ ಅದು ವಿ 18, ಅದನ್ನು ವಿ 10ರ ಮನೆಗೆ ತುರುಕಬೇಡಿ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಂಪಾದಕರೇ, ನಿಮ್ಮ ತಾಲ್ಲೂಕು ವರದಿಗಾರರಿಗೂ ಹೇಳಿ. ‘ಸೈಕಲ್‌ನಿಂದ ಬಿದ್ದು ಬಾಲಕನಿಗೆ ಗಾಯ’ ಎಂದು ಎರಡು ಸಾಲು ಬಂದಾಗ ಮೂರನೆಯ ಸಾಲಿಗೆ ಜಾಗ ಕೊಡಿ.

ಮೊಮ್ಮಗ ಈಗ ಅದೇ ಸೈಕಲ್ ತುಳಿಯುತ್ತಾನೆ. ಹಿಡಿಕೆಗೆ ಹೊಸ ರಬ್ಬರ್, ಕೊಳವೆಯ ತುದಿಗೆ ಬಿರಡೆ, ಬಲಗೈ ಹೆಬ್ಬೆರಳಿಗೆ ಸಿಗುವ ಕಡೆ ಬೆಲ್ ಹಾಕಿಸಿದ್ದೇನೆ. ಮೂರಕ್ಕೂ ಸೇರಿ ಆದ ಖರ್ಚು ಆ ದಿನ ಜೀಪಿನವನಿಗೆ ಕೊಟ್ಟದ್ದರ ಕಾಲುಭಾಗವೂ ಇಲ್ಲ. ಪಕ್ಕದ ಮನೆಯವರು ಹುಡುಗ ಮರಳಿ ಬಂದ ದಿನವೇ ಉಣುಗೋಲಿಗೆ ಹೊಸ ಗಳು ಹಾಕಿದರು. ನಾವು ಕೇಳಿರಲಿಲ್ಲ, ಅವರು ಏಕೆ ಎಂದು ಹೇಳಲೂ ಇಲ್ಲ. ಆ ಮಣಕ ಈ ವರ್ಷ ಕರು ಹಾಕಿದೆ, ಗಿಣ್ಣು ನಮ್ಮ ಮನೆಗೂ ಬಂತು.

ನಮ್ಮ ಆರೋಗ್ಯ ಕೇಂದ್ರದ ದಾದಿ ಮಾತ್ರ ಯಾರ ಆದೇಶಕ್ಕೂ ಕಾಯದೆ ತನ್ನ ಪುಸ್ತಕದಲ್ಲಿ ಆ ಗೀಟು ಎಳೆದಿದ್ದಾಳೆ. ನಿನ್ನೆ ಬೆಳಗ್ಗೆ ಫೋನ್ ಮಾಡಿದ್ದಳು. ಬೆಟ್ಟದ ದಾರಿಯಲ್ಲಿ ಬರುತ್ತಿದ್ದ ಒಬ್ಬರ ಸೈಕಲ್‌ಗೆ ನವಿಲು ಹಾರಿ ಬಂದು ಬಡಿದಿದೆಯಂತೆ, ಹಣೆಗೆ ನಾಲ್ಕು ಹೊಲಿಗೆ. “ಅಮ್ಮಾ, ಪ್ರಾಣಿ ಎಂದು ಬರೆಯಲೋ, ನವಿಲು ಎಂದೇ ಬರೆಯಲೋ?” ಎಂದು ಕೇಳಿದಳು. ನವಿಲು ಎಂದೇ ಬರೆ, ಯಾವ ತಿರುವು ಎಂದೂ ಬರೆ ಎಂದೆ.

ಇಂತಿ ತಮ್ಮ ವಿಶ್ವಾಸಿ,
ಆಸ್ಪತ್ರೆ ದಾಖಲೆ ವಿಭಾಗದ ನಿವೃತ್ತ ನೌಕರೆ,
ತೀರ್ಥಹಳ್ಳಿ ತಾಲ್ಲೂಕು

(ಊರಿನಲ್ಲಿ ನೆರೆಹೊರೆಯವರೊಂದಿಗೆ ಬಾಳಬೇಕಾದ್ದರಿಂದ ಹೆಸರು ಪ್ರಕಟಿಸಬಾರದಾಗಿ ವಿನಂತಿ.)